ಗಿರಿಜಾಬಾಯಿಯವರ ಅನುಭವಸ್ಥ ತಂಡ

ದಿಲ್‌ಸುಖ್‌ನಗರದ ಒಂದು ಮಹಿಳಾ ಕಾಲೇಜಿನಲ್ಲಿ ಗಿರಿಜಾಬಾಯಿ ಆಟೋಟದ ಮೇಡಂ. ರಾಯಚೂರಿನಿಂದ ಬಂದು ಹದಿನಾರು ವರ್ಷವಾಗಿತ್ತು. ಬ್ಯಾಸ್ಕೆಟ್‌ಬಾಲ್ ತಂಡದ ಬಗ್ಗೆ ಅಷ್ಟೂ ವರ್ಷ ಅವರದು ಒಂದೇ ಮಾತು: ಅನುಭವ ಬೇಕು. ಮೊದಲ ವರ್ಷದ ಹುಡುಗಿಯರ ಕೆಲಸ ಚೆಂಡಿಗೆ ಗಾಳಿ ತುಂಬುವುದು, ನಿಂಬೆಹಣ್ಣು ಹಿಂಡುವುದು.

ತೊಂದರೆಯೆಂದರೆ, ಹುಡುಗಿಯರಿಗೆ ಅನುಭವ ಬರುವ ಹೊತ್ತಿಗೆ ವರನೂ ಬರುತ್ತಿದ್ದ. ೧೯೮೮ರ ಬೇಸಿಗೆಯಲ್ಲಿ ಐವರಲ್ಲಿ ಮೂವರ ಮದುವೆಯಾಯಿತು. ಗಿರಿಜಾಬಾಯಿ ಎದೆಗುಂದಲಿಲ್ಲ. ಮೂವರನ್ನೂ ಎಂ.ಎ.ಗೆ ಸೇರಿಸಿ ತಂಡದಲ್ಲೇ ಉಳಿಸಿಕೊಳ್ಳಲು ಅತ್ತೆಯಂದಿರ ಮನೆಗಳಿಗೆ ಅಲೆದರು.

ಊರಿನ ಇನ್ನೊಂದು ತುದಿಯ ಕುಷಾಯಿಗೂಡದಲ್ಲಿ ತಂಡದ ನಾಯಕಿ ಪ್ರಫುಲ್ಲಾಳ ಅತ್ತೆ ಗಂಗೂಬಾಯಿ ಬಾಗಿಲಲ್ಲೇ ನಿಲ್ಲಿಸಿ ಕೇಳಿದರು: "ಚೆಂಡು ಒಗ್ಯಾಕ ಎಂ.ಎ. ಯಾಕ್ ಬೇಕ್ರಿ ಅಕ್ಕೋರ?"

"ಆಕಿಗೆ ಅನುಭವ ಭಾಳ ಐತ್ರಿ. ಹೊಸಾ ಹುಡುಗ್ಯಾರು ಚೆಂಡು ಕಂಡ್ರ ಅಂಜ್ತಾರ."

"ಆತು. ಆದ್ರ ನಾನೂ ಜೋಡಿ ಬರ್ತೀನಿ. ನಾಲ್ಕಕ್ಕ ಮನಿಗೆ ಹೊಂಡಬೇಕು ನೋಡ್ರಿ."

ಗಿರಿಜಾಬಾಯಿ ಒಪ್ಪಿದರು. ಅನುಭವಕ್ಕಾಗಿ ಅವರು ಏನನ್ನಾದರೂ ಒಪ್ಪುತ್ತಿದ್ದರು.

ಅಂತರಕಾಲೇಜು ಫೈನಲ್ ಮೂರೂವರೆಗೆ ಶುರುವಾಯಿತು. ಮದುವೆಯಾದಂದಿನಿಂದ ಒಲೆಯ ಮುಂದಲ್ಲದೆ ಎಲ್ಲೂ ಬೆವರದ ಮೂವರೂ, ನಾಯಕಿ ಪ್ರಫುಲ್ಲಾ ಸೇರಿ, ಹತ್ತೇ ನಿಮಿಷದಲ್ಲಿ ಏದುಸಿರು ಬಿಟ್ಟರು. ವಿರಾಮದ ವೇಳೆಗೆ ತಂಡ ಹದಿನಾಲ್ಕು ಪಾಯಿಂಟ್ ಹಿಂದಿತ್ತು. ಆಗ ಗಂಗೂಬಾಯಿ ಎದ್ದು ನಿಂತರು.

"ನಾಲ್ಕಾತು. ಮಗಾ ಡ್ಯೂಟಿಯಿಂದ ಬರೂ ಹೊತ್ತು. ನಡಿ."

ಪ್ರಫುಲ್ಲಾ ಗಿರಿಜಾಬಾಯಿಯನ್ನು ನೋಡಿದಳು. ಅವರು ಗಡಿಯಾರ ನೋಡಿಕೊಂಡರು. ಪ್ರಫುಲ್ಲಾ ತುಟಿ ಕಚ್ಚಿ, ತನ್ನ ನಂಬರಿನ ಅಂಗಿಯನ್ನು ಬೆಂಚಿನ ಕೊನೆಯಲ್ಲಿದ್ದ ಮೊದಲ ವರ್ಷದ ಹುಡುಗಿಗೆ ಕೊಟ್ಟು ಹೋದಳು. ಮದುವೆಯಾದ ಉಳಿದಿಬ್ಬರು ಮೀನಖಂಡ ಹಿಡಿದು ಕುಳಿತರು. ಬೇರೆ ದಾರಿ ಕಾಣದೆ ಗಿರಿಜಾಬಾಯಿ ಮೂವರು ಹೊಸಬರನ್ನು ಇಳಿಸಿ, ನೋಡಲಾಗದೆ ಮುಖಕ್ಕೆ ಕರವಸ್ತ್ರ ಒತ್ತಿಕೊಂಡರು.

ಹೊಸಬರು ಅಂಜಲಿಲ್ಲ. ಯಾರ ಕಣ್ಣಿಗೂ ಬೀಳದೆ ಐದು ತಿಂಗಳು ತಾವೇ ಅಭ್ಯಾಸ ಮಾಡಿದ್ದರು. ಒಂದು ಪಾಯಿಂಟಿನಿಂದ ಗೆದ್ದರು.

ಸೋಮವಾರ ಸಭೆಯಲ್ಲಿ ಪ್ರಿನ್ಸಿಪಾಲರು ಗಿರಿಜಾಬಾಯಿಗೆ ಹಾರ ಹಾಕಿದರು. "ಹೊಸಬರ ಮ್ಯಾಲೆ ನನಗ ಮೊದಲಿಂದನೂ ನಂಬಿಕಿ," ಎಂದು ಗಿರಿಜಾಬಾಯಿ ಮೈಕಿನಲ್ಲಿ ಗದ್ಗದಿತರಾದರು. "ಗೆಲ್ಲಿಸಿದ ಈ ನನ್ನ ಹುಡುಗಿ..." ಎಂದು ಪಕ್ಕದಲ್ಲಿದ್ದ, ಪ್ರಫುಲ್ಲಾಳ ಅಂಗಿ ತೊಟ್ಟು ಆಡಿದ್ದವಳ ಹೆಗಲ ಮೇಲೆ ಕೈಯಿಟ್ಟು, ಹೆಸರು ತೋಚದೆ ನಿಂತರು.

"ನಲಿನಿ ಅಂತ್ರೀ ಮೇಡಂ," ಎಂದಳು ಹುಡುಗಿ ಮೈಕಿಗೆ ಬಾಗಿ. "ಚೀಟಿ ಮ್ಯಾಲೆ ಬರದು ಕೊಡ್ಲೇನ್ರಿ?"

ಸಭೆ ಗೊಳ್ಳೆಂದು ನಕ್ಕಿತು. ಎಲ್ಲರಿಗಿಂತ ಜೋರಾಗಿ ಗಿರಿಜಾಬಾಯಿಯೇ ನಕ್ಕರು. ಪತ್ರಿಕೆಯವನು ಫೋಟೋ ತೆಗೆಯುತ್ತಿದ್ದ.