ಜಲಪಾತ ಇಲ್ಲದ ಚಕ್ಕುಬಂದಿ

ಹಾನುಬಾಳಿನಲ್ಲಿ ನನ್ನ ಕಸುಬನ್ನು ಒಂದೇ ಉಸಿರಿಗೆ ಹೇಳಿ ಮುಗಿಸುವುದು ಕಷ್ಟ. ರೈಟರ್ ಬೇಕಾಗಿದ್ದಾರೆ ಎಂದರೆ ಯಾವ ಎಸ್ಟೇಟಿಗೆ ಎಂದು ಕೇಳುತ್ತಾರೆ. ಇಲ್ಲಿ ರೈಟರ್ ಎಂದರೆ ಆಳುಗಳ ಹಾಜರಿ ಬರೆಯುವವನು. ನನಗೆ ಬೇಕಾದವರು ಹೋಂಸ್ಟೇ ನಡೆಸುವವರಿಗೆ, ಕಾಫಿಪುಡಿ, ಜೇನು ಮಾರುವವರಿಗೆ ವೆಬ್‌ಸೈಟಿನ ಬರಹ ಬರೆದುಕೊಡುವವರು. ಸಂಬಳದ ನೌಕರರಲ್ಲ, ಒಂದೊಂದು ಕೆಲಸಕ್ಕೆ ಇಷ್ಟು ಎಂದು ಮಾತಾಡಿಕೊಂಡು ಬರೆಯುವವರು. ಹಾರ್ಡ್‌ವೇರ್ ಅಂಗಡಿಯ ಮಹಡಿಯ ಮೇಲೆ ಕೂತು ಅಂಥವರನ್ನು ಹುಡುಕಿ, ಬರೆಸಿ, ತಿದ್ದಿ ಕೊಡುತ್ತೇನೆ. ಯಾವುದು ಸ್ವಂತದ್ದು, ಯಾವುದು ಕದ್ದದ್ದು ಎಂದು ಮೊದಲ ಪ್ಯಾರಾದಲ್ಲೇ ಹೇಳಬಲ್ಲೆ. ಜಂಬ ಅಂದುಕೊಂಡರೆ ಅಂದುಕೊಳ್ಳಿ.

ದೋಣಿಗಲ್‌ನಿಂದ ಒಬ್ಬ ಹೆಂಗಸು ನನ್ನ ಹತ್ತಿರ ಬಂದದ್ದು ಕಾಫಿ ಕೊಯ್ಲು ಶುರುವಾಗುವ ಹೊತ್ತಿಗೆ. ಮನೆಯ ಪಕ್ಕ ಮೂರು ಕೋಣೆ ಕಟ್ಟಿಸಿ ಹೋಂಸ್ಟೇ ಮಾಡಿದ್ದಳು. ವೆಬ್‌ಸೈಟ್ ಮಾಡಿಕೊಟ್ಟ ಯಾವನೋ ಪುಣ್ಯಾತ್ಮ ಇನ್ನಾರದೋ ಹೋಂಸ್ಟೇಯ ಬರಹವನ್ನು ಹಾಗೇ ಎತ್ತಿ ತಂದು ಅಂಟಿಸಿದ್ದ. ಅದರ ಪ್ರಕಾರ ಇವಳ ತೋಟದೊಳಗೆ ಒಂದು ಜಲಪಾತ! ಬಂದವರು ಜಲಪಾತ ಎಲ್ಲಿ ಎಂದರು, ಬೈದರು, ಹೋಗಿ ಇಂಟರ್ನೆಟ್‌ನಲ್ಲೂ ಬೈದು ಬರೆದರು. ಆಮೇಲೆ ಫೋನ್ ಎಷ್ಟು ಬಡಕೊಂಡರೂ ಅವಳು ಎತ್ತುವುದನ್ನೇ ಬಿಟ್ಟಳು. ಕಾಫಿ ಹೂ ಅರಳಿಸುವ ಹೂಮಳೆ ಬೀಳುವಷ್ಟರಲ್ಲಿ ಜನ ಬರದಿದ್ದರೆ ಕೋಣೆಗಳನ್ನು ರಸ್ತೆ ಕಂಟ್ರಾಕ್ಟರನಿಗೆ ಸಿಮೆಂಟ್ ಇಡಲು ಕೊಡುತ್ತೇನೆ ಎಂದು ಗಂಡ ಹೇಳಿಬಿಟ್ಟಿದ್ದ. ಕಿಟಕಿಯ ಪರದೆಗಳನ್ನು ಅವಳೇ ಬಟ್ಟೆ ಆರಿಸಿ ಹೊಲಿದಿದ್ದಳಂತೆ.

ನನಗೆ ಕೋಪ ಬಂದರೆ ಕೈ ಚುರುಕಾಗುತ್ತದೆ. ಬರಹಗಾರರು ಬೇಕೆಂದು ಅಂದೇ ಜಾಹೀರಾತು ಹಾಕಿದೆ. ಷರತ್ತು ಒಂದೇ: ಆ ಮನೆಗೆ ಹೋಗಿ, ಒಂದು ಹೊತ್ತು ಉಂಡು, ಆಮೇಲೆ ಬರೆಯಬೇಕು. ಹಾಸನದ ಒಬ್ಬ, ಸಕಲೇಶಪುರದ ಒಬ್ಬಳು, ಹೋಗದೆಯೇ ಸಂಜೆಯೊಳಗೆ ಬರೆದು ಕಳಿಸಿದರು. ಇಬ್ಬರದ್ದೂ ಅದೇ ಪ್ರಕೃತಿಯ ಮಡಿಲು, ಅದೇ ಹಚ್ಚಹಸಿರು. ಇಂಥದ್ದಕ್ಕೆ ನನ್ನ ಪರೀಕ್ಷೆ ಸುಲಭ. ದೋಣಿಗಲ್ ತೆಗೆದು ಇನ್ನೊಂದು ಊರಿನ ಹೆಸರು ಹಾಕಿ ಓದುತ್ತೇನೆ. ಏನೂ ಕೆಡದಿದ್ದರೆ ಆ ಬರಹ ಬೇಡ. ಹಾಸನದವನಂತೂ ಅಷ್ಟು ಸಾಲದೆಂದು ಜಲಪಾತವನ್ನು ಇನ್ನೊಂದು ಸಲ ಹರಿಸಿದ್ದ. ಅವನಿಗೆ ಫೋನಿನಲ್ಲಿ ನಾನು ಏನೇನಂದೆ ಎನ್ನುವುದು ಇಲ್ಲಿ ಬೇಡ.

ಮೂರನೆಯವರು ಆಲೂರಿನವರು. ತಾಲ್ಲೂಕು ಕಚೇರಿಯ ಎದುರು ಕೂತು ಅರ್ಜಿ, ಕ್ರಯಪತ್ರ ಬರೆದುಕೊಡುವ, ಐವತ್ತು ದಾಟಿದ ಮನುಷ್ಯ. ಜಮೀನಿನ ಪತ್ರದಲ್ಲಿ ನಾಲ್ಕು ದಿಕ್ಕಿಗೆ ಏನೇನಿದೆ ಎಂದು ಎಲ್ಲೆ ಹೇಳುವ ಭಾಗಕ್ಕೆ ಚಕ್ಕುಬಂದಿ ಅನ್ನುತ್ತಾರಲ್ಲ, ಅದನ್ನು ಬರೆದೇ ತಲೆ ನರೆಸಿಕೊಂಡವರು. ಇವರೇನು ಬರೆದಾರು ಎಂದುಕೊಂಡೇ ಒಪ್ಪಿದೆ. ಅವರು ಬಸ್ಸು ಹತ್ತಿ ದೋಣಿಗಲ್‌ಗೆ ಹೋದರು, ಅಕ್ಕಿರೊಟ್ಟಿ ತಿಂದರು, ಮನೆಯನ್ನು ಒಂದು ಸುತ್ತು ಹಾಕಿದರು. ಕಾಫಿ ಲೋಟ ಯಾಕೆ ತುಂಬಿಲ್ಲ ಎಂದೂ ಕೇಳಿದರಂತೆ. ಮಾರನೆಯ ದಿನ ನನ್ನ ಮೇಜಿನ ಮೇಲೆ ಇಟ್ಟದ್ದು ಇದು:

"ಪೂರ್ವಕ್ಕೆ ಹೆದ್ದಾರಿ, ಲಾರಿಗಳ ಸದ್ದು ಕೇಳುತ್ತದೆ. ಪಶ್ಚಿಮಕ್ಕೆ ರೈಲು ಹಳಿ. ಉತ್ತರಕ್ಕೆ ಮೆಣಸಿನ ಬಳ್ಳಿ ಹಬ್ಬಿದ ಹಾಲವಾಣದ ಮರಗಳು. ದಕ್ಷಿಣಕ್ಕೆ ಬೇರೆಯವರ ತೋಟ, ಅಲ್ಲಿಗೆ ಹೋಗುವಂತಿಲ್ಲ. ಈ ನಾಲ್ಕು ಎಲ್ಲೆಗಳ ಮಧ್ಯೆ ಮೂರು ಕೋಣೆ. ಜಲಪಾತ ಇಲ್ಲ. ಗೂಡ್ಸ್ ರೈಲು ಘಾಟಿ ಹತ್ತುವಾಗ ಅಡುಗೆಮನೆಯ ಪಾತ್ರೆಗಳು ನಡುಗುವುದರಿಂದ ಇಲ್ಲಿ ಕಾಫಿಯನ್ನು ಮುಕ್ಕಾಲು ಲೋಟ ಕೊಡುತ್ತಾರೆ. ಕೇಳಿದರೆ ಇನ್ನೊಂದು ಸಲವೂ ಕೊಡುತ್ತಾರೆ."

ಊರಿನ ಹೆಸರು ಬದಲಿಸಿ ಓದಲು ಹೋದೆ. ಆಗಲಿಲ್ಲ. ಖುಷಿಗೆ ಕುರ್ಚಿ ಬಿಟ್ಟು ಎದ್ದೇಬಿಟ್ಟೆ. ಮುಂದಿನ ಕೆಲಸಗಳಿಗೂ ನೀವೇ ಬನ್ನಿ ಎಂದು ಅಲ್ಲೇ ಗಟ್ಟಿ ಮಾಡಿಕೊಂಡೆ.

ಆದರೆ ದೋಣಿಗಲ್‌ನವಳನ್ನು ಕರೆಸಿ ಓದಿಸಿದಾಗ ಅವಳ ಮುಖ ಸಣ್ಣದಾಯಿತು. ಲಾರಿ, ರೈಲು ಇವನ್ನೇ ಅವಳು ಇಷ್ಟು ದಿನ ಮುಚ್ಚಿಡಲು ಒದ್ದಾಡಿದ್ದು.

"ಅಲ್ಲ ಅಕ್ಕಾ, ಹೆಣ್ಣು ತೋರ್ಸುವಾಗ ಯಾರಾದ್ರೂ ಮೊದ್ಲು ಹುಳುಕು ಹಲ್ಲು ತೋರ್ಸ್ತಾರಾ?" ಎಂದಳು.

"ಮದ್ವೆ ಆದ್ಮೇಲೆ ನೋಡಿ ಉಗಿಯೋದಕ್ಕಿಂತ ನೋಡ್ಕಂಡೇ ಬರ್ಲಿ ಬುಡು," ಎಂದೆ.

ಅವಳಿಗೆ ಸಮಾಧಾನವಾಗಲಿಲ್ಲ. ಹಸಿರಿನ ಬಗ್ಗೆ ಒಂದೆರಡು ಸಾಲಾದರೂ ಸೇರಿಸಿ ಎಂದು ಅಂಗಲಾಚಿದಳು. ಜನ ಬರದೆಹೋದರೆ ಸಿಮೆಂಟ್ ಮೂಟೆ ಬರುವುದು ತನ್ನ ಮನೆಗೇ ಹೊರತು ನನ್ನ ಮನೆಗಲ್ಲ ಎಂದೂ ನೆನಪಿಸಿದಳು. ಆ ಮಾತು ನನಗೆ ನಾಟಿತು. ಆದರೂ ಪಟ್ಟು ಬಿಡಲಿಲ್ಲ. ಮೂಲೆಯಲ್ಲಿ ಕೂತಿದ್ದ ಆಲೂರಿನವರು ಆಗ ಬಾಯಿ ಬಿಟ್ಟರು.

"ಇರೋದನ್ನ ಬರೆದ್ರೆ ಯಾರೂ ತಕರಾರು ತೆಗೆಯೋಕಾಗಲ್ಲ ಕಣಮ್ಮ."

ಅವಳು ಏನಾದರೂ ಮಾಡಿಕೊಳ್ಳಿ ಎಂದು ಎದ್ದುಹೋದಳು. ಒಂದಕ್ಷರ ಬದಲಿಸದೆ ಹಾಕಿದೆ.

ಕೊಯ್ಲಿನ ಮೊದಲರ್ಧ ಏನೂ ಆಗಲಿಲ್ಲ. ಗಂಡ ಒಂದು ಕೋಣೆಯ ಮಂಚವನ್ನು ಹೊರಗೆ ಸಾಗಿಸಿದ್ದಾನೆ ಎಂದು ಸುದ್ದಿ ಬಂತು. ಸುಳ್ಳು ಯಾಕೆ, ಆ ದಿನ ನನಗೆ ಊಟ ಸೇರಲಿಲ್ಲ. ಕಣದಲ್ಲಿ ಕಾಫಿ ಒಣಗುವ ಹೊತ್ತಿಗೆ ಒಂದು ಕುಟುಂಬ ಬಂತು. ಮಕ್ಕಳಿಗೆ ಘಾಟಿ ಹತ್ತುವ ರೈಲು ತೋರಿಸಬೇಕಿತ್ತಂತೆ. ಅವರು ಹೋಗಿ ಇನ್ನೊಬ್ಬರನ್ನು ಕಳಿಸಿದರು. ಮುಕ್ಕಾಲು ಲೋಟದ ಫೋಟೋ ತೆಗೆದು ಯಾರೋ ಹಾಕಿದರು. ಅದನ್ನು ನೋಡಿ ಮತ್ತಷ್ಟು ಮಂದಿ ಬಂದರು.

ಹೂಮಳೆ ಬಿದ್ದು, ತೋಟವೆಲ್ಲ ಬೆಳ್ಳಗೆ ಘಮ್ಮೆನ್ನುತ್ತಿದ್ದ ಒಂದು ಬೆಳಿಗ್ಗೆ ನಾನೂ ಆಲೂರಿನವರೂ ದೋಣಿಗಲ್‌ಗೆ ಹೋದೆವು. ಮಂಚ ಒಳಗೆ ಬಂದಿತ್ತು. ಅಂಗಳದಲ್ಲಿ ಕೂರಲು ಜಾಗವಿಲ್ಲದೆ ಅಡುಗೆಮನೆಯಲ್ಲಿ ಕೂತೆವು. ಗಂಡನೇ ಉಪಚಾರಕ್ಕೆ ನಿಂತು, ನಮಗೆಂದು ಕಾಫಿಯನ್ನು ಲೋಟದ ಅಂಚಿನವರೆಗೆ ಬಗ್ಗಿಸಿ ತಂದ. ಅವಳು ಅಲ್ಲೇ ಗದರಿದಳು.

"ಅಷ್ಟೊಂದು ಯಾಕ್ ತುಂಬ್ಸಿದ್ರಿ? ಮುಕ್ಕಾಲು ಅಂತ ಬರ್ದೈತಲ್ಲ!"

ಆಲೂರಿನವರು ಲೋಟ ಹಿಡಿದು ಮೀಸೆಯಲ್ಲೇ ನಕ್ಕರು. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಅವಳು ಸೆರಗಿಗೆ ಕೈ ಒರೆಸಿಕೊಂಡು ಮೊದಲ ಸದ್ದಿಗೇ ಎತ್ತಿದಳು. ಆ ಕಡೆಯವರು ಏನು ಕೇಳಿದರೆಂದು ನಮಗೆ ಕೇಳಿಸಲಿಲ್ಲ. ಅವಳು ಹೇಳಿದ್ದು ಕೇಳಿಸಿತು.

"ಇಲ್ಲ ಕಣ್ರೀ, ಜಲಪಾತ ಇಲ್ಲ. ಈ ಶನಿವಾರ ಕೋಣೇನೂ ಇಲ್ಲ."