ಬಾಡಿಗೆಯ ದನಿ

ಅಕ್ಕನ ಗಂಟಲಿಗೆ ಕ್ಯಾನ್ಸರ್ ಬಂದು ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದಾಗ, ಅಮ್ಮನಿಗೆ ಎರಡೂ ಕಣ್ಣು ಪೂರ್ತಿ ಹೋಗಿದ್ದವು. ಬೇರೆ ಮನೆಯಲ್ಲಾಗಿದ್ದರೆ ಮಾತು ನಿಂತವಳ ಮುಖ ನೋಡಿಯಾದರೂ ಒಂದಿಷ್ಟು ತಿಳಿದುಕೊಳ್ಳುತ್ತಿದ್ದರು. ಅಮ್ಮನಿಗೆ ಅದೂ ಇರಲಿಲ್ಲ. ಆಪರೇಷನ್ ಮುಗಿಸಿ ಅಕ್ಕ ಮನೆಗೆ ಬಂದ ದಿನ ಅಮ್ಮ ಅವಳ ತಲೆ, ಕೆನ್ನೆ, ಕತ್ತಿನ ಬ್ಯಾಂಡೇಜು ಎಲ್ಲ ಸವರಿ ನೋಡಿದಳು. ಒಂದು ಮಾತಾಡೇ ಅಂದಳು. ಅಕ್ಕ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತಳು.

ಅಂಬತ್ತೂರಿನ ಈ ಮನೆಯಲ್ಲಿ ಆಗ ನಾವು ನಾಲ್ವರು: ಅಮ್ಮ, ಅಕ್ಕ, ನಾನು, ನನ್ನ ಮಗಳು. ಹೆಂಡತಿ ತೀರಿಕೊಂಡ ಮೇಲೆ ಮಗಳನ್ನು ಬೆಳೆಸಿದವಳು ಅಕ್ಕನೇ. ಮದುವೆ ಬೇಡವೆಂದು ಉಳಿದವಳು. ಇಲ್ಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಟೆಲಿಫೋನ್ ಬೋರ್ಡಿನ ಮುಂದೆ ಕೂತು ನಿವೃತ್ತಿಯವರೆಗೂ ದುಡಿದಳು. ಹೊರಗೆ ತಮಿಳು, ಇಂಗ್ಲಿಷು. ಮನೆಗೆ ಬಂದು ಚಪ್ಪಲಿ ಬಿಟ್ಟ ಕೂಡಲೇ ನಮ್ಮ ಮೈಸೂರು ಕಡೆಯ ಕನ್ನಡ. ಅಪ್ಪನ ರೈಲ್ವೆ ಕೆಲಸದ ಹಿಂದೆ ಈ ಊರಿಗೆ ಬಂದ ಅಮ್ಮ ಅಂಗಡಿ, ನೆರೆಹೊರೆಗೆ ಬೇಕಾದಷ್ಟು ತಮಿಳು ಕಲಿತಿದ್ದಳು. ವಯಸ್ಸಾಗಿ ಮರೆವು ಹತ್ತಿಕೊಂಡಾಗ ಮೊದಲು ಕಳಚಿಹೋದದ್ದು ಆ ತಮಿಳೇ. ಎದುರುಮನೆಯಾಕೆ ಬಂದು ಮಾತಾಡಿಸಿದರೆ, ಅವರು ಏನಂತಾರೋ ಎಂದು ನನ್ನನ್ನು ಕೇಳುತ್ತಿದ್ದಳು.

ಆಸ್ಪತ್ರೆಯಲ್ಲಿ ಅನ್ನನಾಳದಿಂದ ದನಿ ಹೊರಡಿಸುವ ಅಭ್ಯಾಸ ಮಾಡಿಸಿದರು. ಅಕ್ಕನಿಗೆ ಅದು ಕೂಡಿಬರಲಿಲ್ಲ. ಕತ್ತಿಗೆ ಒತ್ತಿ ಹಿಡಿಯುವ ಸಣ್ಣ ಯಂತ್ರವೂ, ರೇಡಿಯೇಷನ್ನಿನಿಂದ ಗಡುಸಾದ ಚರ್ಮದ ಮೇಲೆ ಬರೀ ಗುಂಯ್‌ಗುಟ್ಟಿತು. ಕೊನೆಗೆ ಮಾತಿನ ತರಬೇತಿ ಕೊಡುವ ಹುಡುಗಿ ಟ್ಯಾಬ್ಲೆಟ್ಟಿಗೆ ಒಂದು ಆ್ಯಪ್ ಹಾಕಿಕೊಟ್ಟಳು. ಟೈಪು ಮಾಡಿದ್ದನ್ನು ಅದು ಓದಿ ಹೇಳುತ್ತಿತ್ತು. ತಮಿಳು, ಇಂಗ್ಲಿಷು, ಹಿಂದಿಯ ಜೊತೆಗೆ ಕನ್ನಡವೂ ಇತ್ತು. ಹೆಂಗಸಿನ ದನಿ.

ಆ ದನಿ ಅಷ್ಟೇನೂ ಚೆನ್ನಾಗಿರಲಿಲ್ಲ. ಎಲ್ಲಿ ನಿಲ್ಲಬೇಕು, ಎಲ್ಲಿ ಎಳೆಯಬೇಕು ಅದಕ್ಕೆ ಗೊತ್ತಿರಲಿಲ್ಲ. 'ಅಮ್ಮ ಎದ್ದೆಯಾ, ಮುಖ ತೊಳೆಸ್ತೀನಿ ಬಾ' ಎನ್ನುವುದನ್ನು ವಾರ್ತೆ ಓದಿದ ಹಾಗೆ ಓದುತ್ತಿತ್ತು. ಅಮ್ಮ ಮೊದಮೊದಲು ಈ ಹೆಂಗಸು ಯಾರು ಎಂದು ಕೇಳಿದಳು. ಆಗ ಅಕ್ಕ ಒಂದು ಉಪಾಯ ಮಾಡಿದಳು. ಮಾತಾಡುವ ಗುಂಡಿ ಒತ್ತುವ ಮೊದಲು ಅಮ್ಮನ ಮಣಿಕಟ್ಟು ಹಿಡಿಯುವುದು, ದನಿ ಮುಗಿಯುವ ತನಕ ಬಿಡದಿರುವುದು. ಸ್ವಲ್ಪ ದಿನಕ್ಕೆ ಅಮ್ಮನಿಗೆ ಕೈಯೂ ದನಿಯೂ ಒಂದೇ ಆದವು. ಗಂಟಲು ಕೆಟ್ಟ ಮೇಲೆ ಅವಳು ಓದಿದವರ ಹಾಗೆ ಮಾತಾಡುತ್ತಾಳೆ ಎಂದು ನಗುತ್ತಿದ್ದಳು. ಸಂಜೆ ಹೊತ್ತು ಒಳಕೋಣೆಯಲ್ಲಿ ಇಬ್ಬರೂ ಕೂತು ಹಳೆಯ ನೆಂಟರಿಷ್ಟರ ಸುದ್ದಿ ತೆಗೆದು ಮಾತಾಡುವುದು ನನಗೆ ಹಾಲ್‌ಗೆ ಕೇಳಿಸುತ್ತಿತ್ತು. ಅಮ್ಮನ ಮಾತು, ಆಮೇಲೆ ಅಕ್ಕ ಟೈಪು ಮಾಡುವಷ್ಟು ಹೊತ್ತು ಮೌನ, ಆಮೇಲೆ ಆ ದನಿ. ಅಮ್ಮ ಆ ಮೌನಕ್ಕೂ ಒಗ್ಗಿಕೊಂಡಿದ್ದಳು.

ಹೀಗೆ ಒಂದು ವರ್ಷದ ಮೇಲೆ ನಡೆಯಿತು. ಒಂದು ಬೆಳಿಗ್ಗೆ ಅಕ್ಕ ಟ್ಯಾಬ್ಲೆಟ್ ತಂದು ನನ್ನ ಮುಂದೆ ಹಿಡಿದಳು. ಆ್ಯಪ್ ತಾನಾಗಿಯೇ ಹೊಸದಾಗಿತ್ತು, ಬಣ್ಣ ಬೇರೆ, ಗುಂಡಿಗಳ ಜಾಗ ಬೇರೆ. ಭಾಷೆಗಳ ಸಾಲಿನಲ್ಲಿ ಕನ್ನಡ ಇರಲಿಲ್ಲ. ಅಕ್ಕ ಕನ್ನಡದಲ್ಲಿ ಟೈಪು ಮಾಡಿ ಗುಂಡಿ ಒತ್ತಿ ತೋರಿಸಿದಳು. ಏನೂ ಬರಲಿಲ್ಲ. ಮತ್ತೆ ಒತ್ತಿದಳು.

ಕಂಪನಿಗೆ ಬರೆದೆ. ನಿಮ್ಮ ಅನಿಸಿಕೆ ನಮಗೆ ಅಮೂಲ್ಯ ಎಂದು ಒಂದು ಯಂತ್ರ ಉತ್ತರ ಕೊಟ್ಟಿತು. ಸಮಸ್ಯೆ ಬಗೆಹರಿಯಿತೇ ಎಂದೂ ಅದೇ ಕೇಳಿತು. ಇಲ್ಲ ಎಂದು ಒತ್ತಿದರೆ ಮೊದಲಿನ ಪುಟಕ್ಕೇ ಕರೆದುಕೊಂಡು ಹೋಯಿತು. ಬಹಳ ದಿನ ಹಿಂದೆಬಿದ್ದ ಮೇಲೆ ಒಬ್ಬಾಕೆ ಫೋನ್ ಮಾಡಿದಳು. ಒಳ್ಳೆಯವಳೇ. ನಾನು ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿದಳು. ಆ ಕನ್ನಡ ದನಿ ತಮ್ಮದಲ್ಲ, ಬೇರೊಂದು ಕಂಪನಿಯಿಂದ ಬಾಡಿಗೆಗೆ ತಂದದ್ದು, ಆ ಕರಾರು ಮುಗಿದಿದೆ, ಬಳಸುವವರು ಕಡಿಮೆ ಎಂದು ಮುಂದುವರಿಸಲಿಲ್ಲ ಎಂದಳು. ಯಾರು ತೀರ್ಮಾನ ಮಾಡಿದರು ಎಂದು ಕೇಳಿದೆ. ಅದು ಈ ದೇಶದಲ್ಲಿ ಆಗುವ ತೀರ್ಮಾನವಲ್ಲ, ಅವರು ಯಾರೆಂದು ತನಗೂ ತಿಳಿಯದು ಎಂದಳು. ನಮ್ಮಮ್ಮನಿಗೆ ಕಣ್ಣಿಲ್ಲ, ಮಗಳ ಮಾತು ಕೇಳಿಸುತ್ತಿದ್ದದ್ದು ಅದೊಂದರಲ್ಲೇ ಎಂದೆ. ಸಾರಿ ಸರ್ ಎಂದಳು ಆಕೆ. ಅವಳ ಮೇಲೆ ಕೂಗಾಡಲೂ ನನಗೆ ಮನಸ್ಸಾಗಲಿಲ್ಲ.

ನನ್ನ ಮಗಳು ಕಂಪ್ಯೂಟರ್ ಓದಿದವಳು. ಹಳೆಯ ಆ್ಯಪನ್ನೇ ಎಲ್ಲಿಂದಲೋ ಹುಡುಕಿ ಹಾಕಿದಳು. ಅದು ತೆರೆದುಕೊಂಡಿತು, ಕನ್ನಡದ ಹೆಸರೂ ಕಾಣಿಸಿತು, ದನಿ ಮಾತ್ರ ಹೊರಡಲಿಲ್ಲ. ನನ್ನ ಕಡೆ ತಿರುಗಿ ತಮಿಳಿನಲ್ಲಿ, "ಅಪ್ಪಾ, ಅಂದ ವಾಯ್ಸ್ ಇದುಕುಳ್ಳ ಇರುಂದದೇ ಇಲ್ಲ" ಎಂದಳು. ದನಿ ಈ ಟ್ಯಾಬ್ಲೆಟ್ಟಿನೊಳಗೆ ಯಾವತ್ತೂ ಇರಲಿಲ್ಲ. ಅಕ್ಕ ಟೈಪು ಮಾಡಿದ ಒಂದೊಂದು ಮಾತೂ ಎಲ್ಲಿಯೋ ದೂರದ ಯಂತ್ರಕ್ಕೆ ಹೋಗಿ, ಅಲ್ಲಿಂದ ದನಿಯಾಗಿ ಅಮ್ಮನ ಕಿವಿಗೆ ಬರುತ್ತಿತ್ತು. ಒಳಕೋಣೆಯಲ್ಲಿ ಇವರಿಬ್ಬರೇ ಕೂತು ಆಡಿದ ಮಾತು ಎಂದು ನಾನು ತಿಳಿದದ್ದು ಅಷ್ಟು ದೂರ ಹೋಗಿ ಬರುತ್ತಿತ್ತು ಎನ್ನುವುದು ನನಗೆ ಅವತ್ತೇ ಗೊತ್ತಾದದ್ದು.

ಇನ್ನೊಂದು ಆ್ಯಪ್ ಹಾಕಿದೆವು. ಅದರಲ್ಲಿ ಕನ್ನಡಕ್ಕೆ ಗಂಡಸಿನ ದನಿ ಮಾತ್ರ ಇತ್ತು. ಅಕ್ಕ ಎಂದಿನಂತೆ ಅಮ್ಮನ ಮಣಿಕಟ್ಟು ಹಿಡಿದು ಗುಂಡಿ ಒತ್ತಿದಳು. ಗಂಡಸೊಬ್ಬ ಮಾತಾಡುತ್ತಾ ತನ್ನ ಕೈ ಹಿಡಿದಿದ್ದಾನೆಂದು ಅಮ್ಮ ಬೆದರಿ ಕೈ ಕೊಸರಿಕೊಂಡಳು. ಆಮೇಲೆ ಅಕ್ಕ ಅದನ್ನು ತೆರೆಯಲಿಲ್ಲ. ತಮಿಳು ದನಿಯಲ್ಲಾದರೂ ನೋಡೋಣವೆಂದು ಒಂದು ದಿನ 'ಅಮ್ಮ, ನಾನು' ಎಂಬಷ್ಟನ್ನು ತಮಿಳಿನಲ್ಲಿ ಹೇಳಿಸಿದಳು.

ಅಮ್ಮ ಬಾಗಿಲ ಕಡೆ ತಿರುಗಿ ನನ್ನನ್ನು ಕರೆದಳು. "ಯಾರೋ ಬಂದಿದಾರೆ ಕಣೋ. ಕೂತ್ಕೊಳ್ಳಕ್ಕೆ ಹೇಳು, ಕಾಫಿ ಕೊಡು."

ಅಕ್ಕ ಎದ್ದು ಹಿತ್ತಲಿಗೆ ಹೋದಳು.

ಮಗಳು ಒಂದು ದಾರಿ ಹುಡುಕಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬಾರದು. ಅತ್ತೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದುಕೊಟ್ಟರೆ ತಾನು ಓದುತ್ತೇನೆ ಎಂದಳು. ರಜೆಯ ದಿನ ಅಮ್ಮನ ಪಕ್ಕ ಕೂತು ತಡವರಿಸುತ್ತ ಓದುತ್ತಿದ್ದಳು. ಅಮ್ಮನಿಗೆ ಬಹಳ ಸಂತೋಷ. ಮೊಮ್ಮಗಳು ಕನ್ನಡ ಕಲಿಯುತ್ತಿದ್ದಾಳೆಂದು ಅವಳ ತಲೆ ನೇವರಿಸುತ್ತಿದ್ದಳು. ಅದು ಅಕ್ಕನ ಮಾತೆಂದು ಎಷ್ಟು ಹೇಳಿದರೂ ಅಮ್ಮನ ಮನಸ್ಸಿಗೆ ಹತ್ತಲಿಲ್ಲ.

ಉಳಿದ ದಿನ ನಾನು ಓದುತ್ತಿದ್ದೆ. ಅಕ್ಕ ಟೈಪು ಮಾಡಿ ನನ್ನ ಕಡೆ ತಿರುಗಿಸುವಳು, ನಾನು 'ಅಕ್ಕ ಹೇಳ್ತಿದಾಳೆ' ಎಂದು ಶುರು ಮಾಡುವೆ. ಅಮ್ಮ ಉತ್ತರ ಕೊಡುತ್ತಿದ್ದದ್ದು ನನಗೆ. ಮಗಳ ಸುದ್ದಿ ಮಗನ ಬಾಯಲ್ಲಿ ಕೇಳಿದ ಹಾಗೆ, ಅವಳು ಎಲ್ಲೋ ಬೇರೆ ಊರಿನಲ್ಲಿರುವ ಹಾಗೆ. ಒಂದು ಮಧ್ಯಾಹ್ನ ಅಕ್ಕನ ಕೈಯಿಂದಲೇ ಊಟ ಮಾಡುತ್ತಾ ಅಮ್ಮ ನನ್ನನ್ನು ಕೇಳಿದಳು:

"ಅವಳಿಗೆ ನನ್ನ ಮೇಲೆ ಕೋಪಾನೇನೋ? ಮೊದಲು ಮಾತಾಡ್ತಿದ್ದಳಲ್ಲ."

ಇಲ್ಲಮ್ಮ, ಗಂಟಲು ಸರಿಯಿಲ್ಲ ಎಂದೆ. ಆಗಲೂ ಸರಿಯಿರಲಿಲ್ಲ, ಆದರೂ ಮಾತಾಡುತ್ತಿದ್ದಳು ಎಂದಳು ಅಮ್ಮ. ಅಕ್ಕ ತುತ್ತು ಕಲಸುತ್ತಲೇ ಇದ್ದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಅಮ್ಮ ಹಾಸಿಗೆ ಹಿಡಿದಳು. ಡಾಕ್ಟರು ಮನೆಯಲ್ಲೇ ಇಟ್ಟುಕೊಳ್ಳಿ ಎಂದರು. ಆ ದಿನಗಳಲ್ಲಿ ಒಮ್ಮೆ ಅಕ್ಕ ಅಮ್ಮನ ತಲೆದೆಸೆಯಲ್ಲಿ ಕೂತು ತುಂಬಾ ಹೊತ್ತು ಟೈಪು ಮಾಡಿದಳು. ನಾನು ಓದಲು ಹತ್ತಿರ ಹೋದೆ. ಅವಳು ಟ್ಯಾಬ್ಲೆಟ್ಟನ್ನು ಎದೆಗೆ ಒತ್ತಿಕೊಂಡಳು. ಆಮೇಲೆ ಬರೆದದ್ದನ್ನೆಲ್ಲ ಅಳಿಸಿ, ಹೊಸದಾಗಿ ಒಂದು ಸಾಲು ಬರೆದು ತೋರಿಸಿದಳು: 'ನೀನು ಓದೋವಂಥದ್ದಲ್ಲ.' ನಾನು ಹೊರಗೆ ಬಂದು ಬಾಗಿಲು ಮುಂದೆ ಮಾಡಿದೆ. ಒಳಗಿನಿಂದ ಏನೂ ಕೇಳಿಸಲಿಲ್ಲ. ಕೇಳಿಸುವಂತೆಯೂ ಇರಲಿಲ್ಲ. ಅಮ್ಮನಿಗೆ ಹೇಳಬೇಕಾದದ್ದು ಅವಳ ಹತ್ತಿರ ಏನಿತ್ತೋ, ಅದು ಅವಳಲ್ಲೇ ಉಳಿಯಿತು. ನಾನು ಇವತ್ತಿಗೂ ಕೇಳಿಲ್ಲ.

ಅಮ್ಮ ಹೋದದ್ದು ಒಂದು ಬೆಳಿಗ್ಗೆ, ಹಾಲಿನವನು ಬಂದುಹೋದ ಮೇಲೆ. ಅಕ್ಕ ಪಕ್ಕದಲ್ಲೇ ಇದ್ದಳು. ನಮ್ಮನ್ನು ಕರೆಯಲು ಅವಳು ಸ್ಟೀಲ್ ಲೋಟದಿಂದ ಮಂಚವನ್ನು ಬಡಿದಳು.

ತಿಥಿಯೆಲ್ಲ ಮುಗಿದು ಕೆಲವು ತಿಂಗಳಾದ ಮೇಲೆ ಆ ಕಂಪನಿಯಿಂದ ಈಮೇಲ್ ಬಂತು. ಕನ್ನಡ ಮತ್ತೆ ಬಂದಿದೆ, ಈ ಸಲ ಇನ್ನೂ ಸಹಜವಾದ ದನಿ ಎಂದು. ಮಗಳು ಉತ್ಸಾಹದಿಂದ ಹಾಕಿ ಕೇಳಿಸಿದಳು. ನಿಜ, ಚೆನ್ನಾಗಿತ್ತು. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುತ್ತಿತ್ತು. ಅಕ್ಕ ಪೂರ್ತಿ ಕೇಳಿ, ಮಗಳ ಬೆನ್ನು ತಟ್ಟಿ, ಅಡುಗೆಮನೆಗೆ ಹೋದಳು.

ಈಗ ಗಾಡಿಯವಳ ಹತ್ತಿರ ತರಕಾರಿ ಕೊಳ್ಳುವಾಗ, ಆಸ್ಪತ್ರೆಗೆ ಹೋದಾಗ ಅಕ್ಕ ತಮಿಳು ದನಿಯನ್ನು ಬಳಸುತ್ತಾಳೆ. ಕನ್ನಡವನ್ನು ತೆರೆದದ್ದು ನಾನು ನೋಡಿಲ್ಲ. ಮನೆಯಲ್ಲಿ ನಾವಿಬ್ಬರೇ ಇದ್ದಾಗ, ಇಷ್ಟು ಚೆನ್ನಾಗಿರೋದನ್ನು ಯಾಕೆ ಹಾಕೋದಿಲ್ಲ ಅಕ್ಕ ಎಂದು ಒಮ್ಮೆ ಕೇಳಿದೆ. ಅವಳು ಟೈಪು ಮಾಡಿ, ಗುಂಡಿ ಒತ್ತದೆ, ನನ್ನ ಕಡೆ ತಿರುಗಿಸಿದಳು.

'ನಿನಗೆ ಓದಕ್ಕೆ ಬರುತ್ತಲ್ಲ.'