ಇಬ್ಬರೂ ಕೂಡಿಸಿದ ಒಂದು

ಹದಡಿ ಎಂಬ ಊರಿನ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ಲೆಕ್ಕ ಹಾಕುವ ಕೆಲಸವನ್ನು ನಾನೂ ನನ್ನ ಹಳೆಯ ಸಹಪಾಠಿಯೂ ಹಂಚಿಕೊಂಡಿದ್ದೆವು. ದಾವಣಗೆರೆಯ ಕೆ.ಬಿ. ಬಡಾವಣೆಯ ಮನೆಯಲ್ಲಿ ಕೂತು ನಾನು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಅಂಕಿಗಳನ್ನು ಸೋಸುತ್ತಿದ್ದೆ. ಹರಿಹರದಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ಅವನು ಅವನ್ನು ಆರ್ ಎಂಬ ಇನ್ನೊಂದು ಭಾಷೆಗೆ ಹಾಕಿ, ಯಾವ ಬಾವಿಯ ನೀರು ಕುಡಿಯಬಹುದು ಎಂದು ಹೆಸರು ಸಮೇತ ವರದಿ ತೆಗೆಯುತ್ತಿದ್ದ. ಪೈಥಾನ್ ಸಾಲುಗಳನ್ನು ಸೊನ್ನೆಯಿಂದ ಎಣಿಸುತ್ತದೆ, ಆರ್ ಒಂದರಿಂದ. ಹಾಗಾಗಿ ಬಾವಿಯನ್ನು ಗುರುತಿಸುವ ನನ್ನ ಸಾಲಿನ ಸಂಖ್ಯೆ ಅವನಿಗೆ ಹೋಗುವಾಗ ಯಾರಾದರೊಬ್ಬರು ಒಂದನ್ನು ಕೂಡಿಸಬೇಕು. ಯಾರು ಎಂಬುದು ಫೋನಿನಲ್ಲೇ ತೀರ್ಮಾನವಾಗಿತ್ತು.

ವರದಿ ಊರಿಗೆ ಹೋಗಿ, ಮಳೆಗಾಲವೂ ಮುಗಿದ ಮೇಲೆ, ಬೇರೇನೋ ಹುಡುಕುತ್ತ ಎರಡೂ ಪ್ರೋಗ್ರಾಂಗಳನ್ನು ಅಕ್ಕಪಕ್ಕ ತೆರೆದೆ. ನನ್ನದರಲ್ಲಿ ಒಂದು ಕೂಡಿಸಿತ್ತು. ಅವನದರಲ್ಲೂ ಕೂಡಿಸಿತ್ತು. ಪ್ರತಿ ಬಾವಿಯ ಫಲಿತಾಂಶವೂ ಅದರ ಮುಂದಿನ ಬಾವಿಯ ಹೆಸರಿಗೆ ಅಂಟಿಕೊಂಡಿತ್ತು. ಊರ ಅಂಚಿನ ಒಂದು ಮನೆಯ ಬಾವಿಯನ್ನು ಕುಡಿಯಲು ಯೋಗ್ಯ ಎಂದಿದ್ದೆವು, ಅದು ಅಯೋಗ್ಯವಾಗಿತ್ತು. ನಮ್ಮ ಮಾತು ನಂಬಿ ಆ ಮನೆಯವರು ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುವುದನ್ನೇ ಬಿಟ್ಟಿದ್ದರು.

ಗೆಳೆಯನಿಗೆ ಫೋನ್ ಮಾಡಿದೆ. ನಾನೇ ಕೂಡಿಸುತ್ತೇನೆ, ನೀನು ಮುಟ್ಟಬೇಡ ಎಂದು ನಾನು ಹೇಳಿರಲಿಲ್ಲವೇ ಎಂದು ಕೇಳಿದೆ.

"ಇಲ್ಲೋ ದೋಸ್ತ. ನಿನ್ ಕಡೆ ಹೆಂಗೈತೋ ಹಂಗೇ ಇರ್ಲಿ, ನಾನು ಹಾಕ್ಕೋತೀನಿ ಅಂದಿದ್ದು ನಾನು. ನೀನು ಹೂಂ ಅಂದಿ."

ಹೂಂ ಅಂದೆನೇ? ಆ ಮಾತು ಆಡುವಾಗ ನಾನು ಬಾಲ್ಕನಿಯಲ್ಲಿ ನಿಂತಿದ್ದು, ಒಳಗೆ ಕುಕ್ಕರ್ ಕೂಗಿದ್ದು ಎಲ್ಲ ನೆನಪಿದೆ. ಅದು ಬೇರೆ ಯಾವುದೋ ಫೋನಿನದೂ ಇರಬಹುದು. ಎಲ್ಲದಕ್ಕೂ ಪುರಾವೆ ಕೇಳುವ ನಾನು ನನ್ನ ನೆನಪನ್ನು ಒಮ್ಮೆಯೂ ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಇಬ್ಬರೂ ಬೈಕಿನಲ್ಲಿ ಹದಡಿಗೆ ಹೋದೆವು. ಆ ಮನೆಯ ಹಿರಿಯ ಹೆಂಗಸು ಕೂಡ್ರಿ ಎಂದು ಚಾಪೆ ಹಾಸಿ, ಬಂದವರಿಗೆ ಕೊಡುವಂತೆ ಮೊದಲು ಚೊಂಬಿನಲ್ಲಿ ನೀರು ತಂದರು. ಗೆಳೆಯನ ಕೈ ರೂಢಿಯಂತೆ ಮುಂದೆ ಹೋಯಿತು. ನಾನು ಚೊಂಬನ್ನು ಇಸಿದುಕೊಂಡು ಕೆಳಗಿಟ್ಟೆ.

"ಅಮ್ಮಾ, ಈ ನೀರು ಕುಡೀಬ್ಯಾಡ್ರಿ. ನಾವು ತಪ್ಪು ಹೇಳಿದ್ವಿ."

ಅವರು ಬೈಯಲಿಲ್ಲ. ಚೊಂಬನ್ನೂ ನಮ್ಮನ್ನೂ ನೋಡಿದರು.

"ಆವಾಗ ಹೇಳಿದ್ದೂ ನೀವೇ, ಈಗ ಹೇಳಾದೂ ನೀವೇ. ಯಾವ್ದು ನಂಬ್ಲಿ?"

ಇನ್ನೊಮ್ಮೆ ಪರೀಕ್ಷೆ ಮಾಡಿಸೋಣ, ಒಂದು ಖಾಲಿ ಬಾಟಲಿ ಇದ್ದರೆ ಕೊಡಿ ಎಂದ ಗೆಳೆಯ. ಅವರು ಒಳಗೆ ಹೋಗಿ ಮೊಮ್ಮಗಳ ಸ್ಕೂಲ್ ಬಾಟಲಿ ತಂದರು. ಅದರಲ್ಲಿ ಆಗಲೇ ಅದೇ ಬಾವಿಯ ನೀರು ತುಂಬಿತ್ತು.